ಹುರಿದ ಅಕ್ಕಿಯ ಗಂಟು

ಕುಚ್ಚಲಕ್ಕಿ ಸರಿಯಾಗಿ ಬೇಯಲು ಒಂದು ಗಂಟೆ ಬೇಕು. ಉಪ್ಪುಗೋಡೆಯ ಮನೆಗಳಲ್ಲಿ ಒಲೆ ಅಷ್ಟು ಹೊತ್ತು ಬಿಸಿಯಾಗಿರುವುದಿಲ್ಲ. ಮನೆಯೊಳಗಿನ ತೇವ ಶೇಕಡ ಅರವತ್ತೈದು ದಾಟಿದ ಕೂಡಲೇ ಕರೆಂಟಿನ ಒಲೆ ತಾನಾಗಿ ಆರುತ್ತದೆ. ಅಷ್ಟರಲ್ಲಿ ಅಕ್ಕಿ ಹೊರಗೆ ಮೆತ್ತಗೆ, ಒಳಗೆ ಕಲ್ಲು.

ಸಮುದ್ರ ಒಳಗೆ ಬಂದ ಮೇಲೆ ತಡಿಯಿಂದ ಎಬ್ಬಿಸಿದ ಕುಟುಂಬಗಳಿಗೆ ಗುಡ್ಡದ ಮೇಲೆ ಏಳು ಬ್ಲಾಕು ಕಟ್ಟಿಕೊಟ್ಟಿದ್ದರು. ಕಿಟಕಿಗಳು ತೆರೆಯುವುದಿಲ್ಲ. ಪ್ರತಿ ಮನೆಯ ಒಂದು ಗೋಡೆಯ ಮೇಲೆ ಗೋಣಿಯಂಥ ಹಾಳೆಗಳನ್ನು ಇಳಿಬಿಟ್ಟಿದ್ದಾರೆ, ಅವುಗಳ ಮೇಲಿಂದ ಗಟ್ಟಿ ಉಪ್ಪುನೀರು ಸದಾ ಇಳಿಯುತ್ತಿರುತ್ತದೆ. ಅಡುಗೆಯ ಉಪ್ಪಲ್ಲ, ಗಾಳಿಯಿಂದ ನೀರನ್ನು ಎಳೆದುಕೊಳ್ಳುವ ಬೇರೆ ಉಪ್ಪು. ನೀರು ಕುಡಿದು ತೆಳ್ಳಗಾದದ್ದು ಸ್ಥಾವರಕ್ಕೆ ಮರಳುತ್ತದೆ. ಅಲ್ಲಿ ಬಿಸಿಲಿನ ಶಾಖದಲ್ಲಿ ಅದನ್ನು ಬತ್ತಿಸಿ, ಗಟ್ಟಿ ಮಾಡಿ, ಮತ್ತೆ ಮನೆಗಳಿಗೆ ಬಿಡುತ್ತಾರೆ.

ಇದೆಲ್ಲ ಸುಖಕ್ಕಾಗಿ ಮಾಡಿದ್ದಲ್ಲ. ವರ್ಷದಲ್ಲಿ ಕೆಲವು ದಿನ ಈ ಕರಾವಳಿಯ ಗಾಳಿ ಇನ್ನೊಂದು ಹನಿಯನ್ನೂ ಹಿಡಿಯಲಾರದಷ್ಟು ತುಂಬಿಕೊಳ್ಳುತ್ತದೆ. ಆಗ ಮೈಯ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಫ್ಯಾನಿನ ಕೆಳಗೆ ಕೂತವರೂ ಒಳಗಿನಿಂದ ಬೆಂದು ಸಾಯುತ್ತಾರೆ. ಜನ ಅದನ್ನು ಒದ್ದೆ ದಿನ ಎನ್ನುತ್ತಾರೆ. ಅಂಥ ದಿನ ಗುಡ್ಡದಲ್ಲಿ ಸೈರನ್ ಕೂಗುತ್ತದೆ.

ದೇಜಮ್ಮ ಬಂದ ಮೊದಲ ತಿಂಗಳೇ ಒಲೆಯ ಮೇಲಿನ ಜಾಲರಿ ಬಿಚ್ಚಿ ನೋಡಿದ್ದಳು. ಒಳಗೆ ಹೆಬ್ಬೆರಳಿನಷ್ಟು ದೊಡ್ಡ ಬಿಳಿ ಸೆನ್ಸರ್ ಇತ್ತು. ಅವಳು ಮೀನು ಒಣಗಿಸಿ ಮಾರಿ ಬದುಕಿದವಳು. ಮಳೆಗಾಲದಲ್ಲಿ ಒಣಮೀನಿನ ಡಬ್ಬಿಗೂ ಉಪ್ಪಿನ ಭರಣಿಗೂ ಹುರಿದ ಅಕ್ಕಿಯ ಗಂಟು ಹಾಕಿಡುವುದು ಅವಳಿಗೆ ಅಮ್ಮನಿಂದ ಬಂದ ಅಭ್ಯಾಸ. ಹುರಿದ ಅಕ್ಕಿ ತೇವ ಎಳೆದುಕೊಳ್ಳುತ್ತದೆ, ಮೀನು ಗರಿಗರಿಯಾಗಿ ಉಳಿಯುತ್ತದೆ. ಅವಳು ಒಂದು ಹಿಡಿ ಅಕ್ಕಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿದಳು. ಗಂಟನ್ನೂ ಸೆನ್ಸರನ್ನೂ ಸೇರಿಸಿ ಒಂದು ಪ್ಲಾಸ್ಟಿಕ್ ತೊಟ್ಟೆಯೊಳಗೆ ತೂರಿಸಿ, ರಬ್ಬರ್ ಬ್ಯಾಂಡ್ ಬಿಗಿದು, ಜಾಲರಿ ಮುಚ್ಚಿದಳು. ಅವತ್ತು ಒಲೆ ಆರಲಿಲ್ಲ. ಗಂಜಿ ಬೆಂದಿತು. ಸೆನ್ಸರ್ ಅಳೆದ ತೇವವನ್ನು ತೋರಿಸುವ ಗೋಡೆಯ ಮೇಲಿನ ಸಂಖ್ಯೆ ಐವತ್ತನಾಲ್ಕರಲ್ಲಿ ನಿಂತಿತ್ತು.

ವಾರ ಕಳೆಯುವುದರೊಳಗೆ ಸಿ ಬ್ಲಾಕಿನ ಹೆಂಗಸರೆಲ್ಲ ಅವಳ ಅಡುಗೆಮನೆಗೆ ಬಂದು ಕಲಿತುಕೊಂಡು ಹೋದರು. ಎದುರು ಮನೆಯ ಐರಿನ್ ಬಾಯಿ ಡಿ ಬ್ಲಾಕಿನಲ್ಲಿದ್ದ ತಂಗಿಗೆ ಕಲಿಸಿದಳು. ತಂಗಿ ಆ ಬ್ಲಾಕಿಗೆ ಕಲಿಸಿದಳು. ದಿನಾ ಬೆಳಿಗ್ಗೆ ಅಕ್ಕಿ ಬದಲಿಸಬೇಕು, ಅಷ್ಟೇ.

ದೇಜಮ್ಮನ ಸೊಸೆ ಹರಿಣಾಕ್ಷಿ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಆಪರೇಟರ್. ಅವಳಿಗೆ ಇದು ಗೊತ್ತಿತ್ತು. ಅವಳೂ ಆ ಗಂಜಿಯನ್ನೇ ಉಂಡು ಡ್ಯೂಟಿಗೆ ಹೋಗುತ್ತಿದ್ದಳು.

ಮೇ ತಿಂಗಳ ಕೊನೆ. ಮಳೆ ಬರಲಿಲ್ಲ, ಮೋಡ ಹೋಗಲಿಲ್ಲ. ಬಿಸಿಲಿಲ್ಲದೆ ಸ್ಥಾವರದ ಉಪ್ಪುನೀರು ದಿನೇದಿನೇ ತೆಳ್ಳಗಾಗುತ್ತಿತ್ತು. ಹರಿಣಾಕ್ಷಿಯ ಗಂಡ ಚಂದ್ರಹಾಸ ಆಳಸಮುದ್ರದ ಬೋಟಿನಲ್ಲಿದ್ದ. ಐದು ವರ್ಷದ ಮಗಳು ಮನ್ವಿಗೆ ಜ್ವರ.

ಬೆಳಿಗ್ಗೆ ಹೊರಡುವಾಗ ಹರಿಣಾಕ್ಷಿ ಮಗಳ ಹಣೆ ಮುಟ್ಟಿದಳು. ಅಡುಗೆಮನೆಯಲ್ಲಿ ಅತ್ತೆ ಬಾಣಲೆಯಲ್ಲಿ ಅಕ್ಕಿ ಹುರಿಯುತ್ತಿದ್ದಳು.

"ಅತ್ತೆ, ಇವತ್ತೊಂದು ದಿನ ಆ ಗಂಟು ಬೇಡ. ಉಪ್ಪುನೀರು ತೆಳು ಉಂಟು."

"ಮತ್ತೆ ಜ್ವರದ ಮಗುವಿಗೆ ಎಂತ ಕೊಡುದು? ಅರೆಬೆಂದ ಅಕ್ಕಿಯಾ?"

"ಬೆಳ್ತಿಗೆ ಅಕ್ಕಿ ಹಾಕಿ. ಬೇಗ ಬೇಯ್ತದೆ."

"ಬೆಳ್ತಿಗೆ ಗಂಜಿ ಗಂಜಿಯಾ? ಅದು ಬಟ್ಟೆಗೆ ಹಾಕ್ಲಿಕ್ಕೆ ಸರಿ." ದೇಜಮ್ಮ ಬಾಣಲೆ ಕುಲುಕಿದಳು. "ನಾನು ಜೀವಮಾನ ಇಡೀ ಮೀನು ಒಣಗಿಸಿದೆ. ಈಗ ನಿಮ್ಮ ಸರಕಾರ ನನ್ನನ್ನು ಒಣಗಿಸ್ತಾ ಉಂಟು. ಮೂಗಲ್ಲಿ ರಕ್ತ ಬರ್ತದೆ, ತುಟಿ ಒಡೀತದೆ. ಒಂದು ಗಂಜಿಯಾದ್ರೂ ಬಾಯಿಗೆ ಮೆತ್ತಗೆ ಸಿಗ್ಲಿ."

"ಸೈರನ್ ಕೂಗಿದ್ರೆ ತೆಗೀತೀರಲ್ಲ?"

"ತೆಗೀತೇನೆ ಮಾರಾಯ್ತಿ. ನೀನು ಹೋಗು."

ಹರಿಣಾಕ್ಷಿ ಹೋದಳು. ಒತ್ತಾಯ ಮಾಡಲಿಲ್ಲ. ನಿನ್ನೆ ರಾತ್ರಿ ಅದೇ ಒಲೆಯ ಗಂಜಿ ಅವಳೂ ಒಂದು ಬಟ್ಟಲು ಉಂಡಿದ್ದಳು.

ಕಂಟ್ರೋಲ್ ರೂಮಿನಲ್ಲಿ ಅವಳ ಜೊತೆಗಾರ ಇಲ್ಯಾಸ್ ಆಗಲೇ ಕೂತಿದ್ದ. ಅವನಿಗೆ ಬ್ಲಾಕಿನಲ್ಲಿ ಮನೆಯಿಲ್ಲ. ಗುಡ್ಡದ ಕೆಳಗೆ, ಕಡಲಿನ ಪಕ್ಕದ ಶೀಟಿನ ಕಾಲೊನಿಯಲ್ಲಿದ್ದ. ಅಲ್ಲಿ ಉಪ್ಪುಗೋಡೆಯೂ ಇಲ್ಲ, ಸೆನ್ಸರೂ ಇಲ್ಲ. ಒದ್ದೆ ದಿನ ಆ ಕಾಲೊನಿಯ ಜನ ಕಡಲಿಗಿಳಿದು ಕುತ್ತಿಗೆಯವರೆಗೆ ನೀರಿನಲ್ಲಿ ಕೂರುತ್ತಿದ್ದರು. ಪ್ರತಿ ಸಲ ಒಬ್ಬಿಬ್ಬರನ್ನು ಅಲೆ ಒಯ್ಯುತ್ತಿತ್ತು.

"ಇವತ್ತು ಕೂಗ್ತದೆ ಅಕ್ಕ," ಎಂದ ಇಲ್ಯಾಸ್. "ಉಮ್ಮನಿಗೆ ಹೇಳಿ ಬಂದಿದ್ದೇನೆ, ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಕೂತ್ಕೊಳ್ಳಿ ಅಂತ. ನಮ್ಮದೂ ಉಪ್ಪುನೀರೇ, ಸ್ವಲ್ಪ ಜಾಸ್ತಿ ಉಂಟು ಅಷ್ಟೆ."

ಹತ್ತೂವರೆಗೆ ಸೈರನ್ ಕೂಗಿತು. ಇಂಜಿನಿಯರ್ ವಾದಿರಾಜ ತನ್ನ ಕೋಣೆಯಿಂದ ಬಂದು ಪರದೆಯ ಮುಂದೆ ನಿಂತ. ಏಳು ಬ್ಲಾಕಿನ ಪ್ರತಿ ಮನೆಗೂ ಪರದೆಯ ಮೇಲೆ ಒಂದು ಚೌಕ, ಚೌಕದೊಳಗೆ ಆ ಮನೆಯ ಸೆನ್ಸರ್ ಕಳಿಸಿದ ತೇವದ ಸಂಖ್ಯೆ. ಒಣ ಮನೆ ಹಸಿರು, ಒದ್ದೆ ಮನೆ ಕೆಂಪು.

"ಗಟ್ಟಿ ನೀರು ಆರು ಬ್ಲಾಕಿಗೆ ಮಾತ್ರ ಸಾಕಾಗ್ತದೆ," ಎಂದ ವಾದಿರಾಜ. "ಒಂದನ್ನು ಸಂಜೆಯವರೆಗೆ ಮುಚ್ಚಬೇಕು. ಪ್ರೋಗ್ರಾಂ ಯಾವುದು ಹೇಳ್ತದೆ?"

ಕಂಪ್ಯೂಟರಿನ ಪ್ರೋಗ್ರಾಂ ಎಲ್ಲಕ್ಕಿಂತ ಒಣಗಿದ ಬ್ಲಾಕನ್ನು ಮುಚ್ಚುತ್ತಿತ್ತು. ಒಣಗಿದ ಮನೆ ಕೆಲವು ಗಂಟೆ ತಡೆದುಕೊಳ್ಳುತ್ತದೆ ಎಂಬ ಲೆಕ್ಕ. ಅದರಲ್ಲಿ ತಪ್ಪೇನೂ ಇರಲಿಲ್ಲ. ಪರದೆಯ ಮೇಲೆ ಉತ್ತರ ಬಂತು: ಸಿ ಬ್ಲಾಕ್, ಸರಾಸರಿ ಐವತ್ತನಾಲ್ಕು. ಅದರ ನಂತರದ್ದು ಡಿ ಬ್ಲಾಕ್, ಐವತ್ತೈದು.

"ಸಿ," ಎಂದ ವಾದಿರಾಜ. "ನಿಮ್ಮದಲ್ವಾ ಹರಿಣಾಕ್ಷಿ? ಒಳ್ಳೆ ಶಿಸ್ತಿನ ಜನ."

ಸಿ ಬ್ಲಾಕಿನ ವಾಲ್ವು ಮುಚ್ಚಿತು. ಹರಿಣಾಕ್ಷಿ ತಾನು ಬಾಯಿ ತೆರೆದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದಳು. ಸೆನ್ಸರ್ ಮುಟ್ಟಿದ ಮನೆಯನ್ನು ಖಾಲಿ ಮಾಡಿಸಿ ಶೀಟಿನ ಕಾಲೊನಿಗೆ ಕಳಿಸುವುದು ನಿಯಮ. ಒಂದು ಮನೆಯಲ್ಲ, ಇಡೀ ಬ್ಲಾಕು ಹೋಗಬೇಕಾಗುತ್ತದೆ. ತನ್ನ ಕೆಲಸ ಹೋಗುತ್ತದೆ. ಮನ್ವಿಯ ಸೊಂಟಕ್ಕೂ ಹಗ್ಗ ಬರುತ್ತದೆ. ಹೇಳುವ ಅಗತ್ಯವಿಲ್ಲ ಎಂದು ಅವಳಿಗೆ ಅನಿಸಿತು. ಗಂಟು ತೆಗೆದರೆ ಸೆನ್ಸರ್ ತಾನೇ ನಿಜ ಹೇಳುತ್ತದೆ.

ಅವಳು ಹೊರಗೆ ಹೋಗಿ ಮನೆಗೆ ಫೋನ್ ಮಾಡಿದಳು.

"ಅತ್ತೆ, ಗಂಟು ತೆಗೆದ್ರಾ?"

"ಈಗ ತೆಗೆದೆ. ಗಂಜಿ ಬೆಂದಾಯ್ತು."

"ಮನ್ವಿ ಹೇಗಿದ್ದಾಳೆ?"

"ಮಲಗಿದ್ದಾಳೆ. ಮೈ ಒಲೆಯ ಹಾಗೆ ಉಂಟು. ಗೋಡೆಯ ನೀರು ನಿಂತಿತಲ್ಲ, ಎಂತಕ್ಕೆ?"

"ಬರ್ತದೆ. ಒದ್ದೆ ಬಟ್ಟೆ ಹಾಕಬೇಡಿ, ಅದರಿಂದ ಇನ್ನೂ ತೇವ ಆಗ್ತದೆ. ಬೀಸಣಿಗೆಯಲ್ಲಿ ಗಾಳಿ ಹಾಕಿ."

ಅವಳು ಒಳಗೆ ಬರುವಷ್ಟರಲ್ಲಿ ಪರದೆಯ ಮೇಲೆ ಅವಳ ಮನೆಯ ಚೌಕ ಕೆಂಪಾಗಿತ್ತು. ಎಂಬತ್ತಮೂರು. ಸುತ್ತ ಎಲ್ಲವೂ ಹಸಿರು. ಒಂದು ನಿಮಿಷವೂ ಆಗಿರಲಿಲ್ಲ, ಚೌಕದ ಮೇಲೆ ಬೂದು ಬಣ್ಣದ ಅಡ್ಡಗೆರೆ ಬಿತ್ತು: ಕೆಟ್ಟ ಸೆನ್ಸರ್, ಲೆಕ್ಕಕ್ಕಿಲ್ಲ.

"ಸರ್," ಎಂದಳು ಹರಿಣಾಕ್ಷಿ, "ಇದು ನಮ್ಮ ಮನೆ. ಸೆನ್ಸರ್ ಕೆಟ್ಟಿಲ್ಲ."

ವಾದಿರಾಜ ಬಗ್ಗಿ ನೋಡಿದ. "ಬ್ಲಾಕಿನ ಎಲ್ಲ ಮನೆ ಐವತ್ತನಾಲ್ಕು, ಒಂದು ಮನೆ ಎಂಬತ್ತಮೂರು. ಮಧ್ಯ ಒಂದು ಗೋಡೆ ಮಾತ್ರ. ನೀವಾದ್ರೆ ಯಾವುದನ್ನು ನಂಬ್ತೀರಿ?"

"ಅರ್ಧ ಬ್ಲಾಕು ಕೆಂಪಾದ್ರೆ ಪ್ರೋಗ್ರಾಂ ಒಪ್ತದಲ್ವಾ ಸರ್?"

"ಅರ್ಧ ಬ್ಲಾಕು ಯಾಕೆ ಕೆಂಪಾಗ್ತದೆ?"

ಅವಳು ಪರದೆ ಬಿಟ್ಟು ತಿರುಗಿದಳು. ಮತ್ತೆ ಹೊರಗೆ ಹೋದಳು. ಮನೆಗೆ ಫೋನ್ ಮಾಡಿದಳು.

"ಅತ್ತೆ, ನಮ್ಮದು ಒಂದೇ ಮನೆ ತೆಗೆದ್ರೆ ಆಗ್ಲಿಕ್ಕಿಲ್ಲ. ನಾವೊಬ್ಬರೇ ಸುಳ್ಳು ಹೇಳ್ತಿದ್ದೇವೆ ಅಂತ ಕಂಪ್ಯೂಟರ್ ತಿಳ್ಕೊಂಡಿದೆ. ಎಲ್ಲರೂ ತೆಗೀಬೇಕು. ಕಡಿಮೆಯೆಂದರೆ ಅರ್ಧ ಜನ."

"ಫೋನ್ ಮಾಡಿ ಹೇಳು ಎಲ್ಲರಿಗೂ."

"ನಾನು ಕಂಟ್ರೋಲ್ ರೂಮಿನವಳು. ನಾನು ಹೇಳಿದ್ರೆ ಹಿಡೀಲಿಕ್ಕೆ ಮಾಡಿದ ಉಪಾಯ ಅಂತ ಯಾರೂ ತೆಗೀಲಿಕ್ಕಿಲ್ಲ. ನೀವೇ ಬಾಗಿಲಿಗೆ ಹೋಗಿ ಹೇಳಿದ್ರೆ..."

"ಕಲಿಸಿದವಳು ನಾನಲ್ವಾ," ಎಂದಳು ದೇಜಮ್ಮ. "ಮಗುವನ್ನು ಐರಿನ್ ಬಾಯಿಯ ಹತ್ರ ಬಿಡ್ತೇನೆ."

ಒದ್ದೆ ದಿನಗಳಲ್ಲಿ ಕರೆಂಟೆಲ್ಲ ಪಂಪುಗಳಿಗೆ ಹೋಗುವುದರಿಂದ ಲಿಫ್ಟ್ ನಿಲ್ಲುತ್ತಿತ್ತು. ಮೆಟ್ಟಿಲಿನ ಕಡೆ ಉಪ್ಪುಗೋಡೆ ಇಲ್ಲ, ಹೊರಗಿನ ಗಾಳಿಯೇ ಇರುತ್ತದೆ. ಅಲ್ಲಿ ಹತ್ತುವುದೆಂದರೆ ಇಡ್ಲಿ ಪಾತ್ರೆಯೊಳಗೆ ಹತ್ತಿದ ಹಾಗೆ. ಹರಿಣಾಕ್ಷಿಗೆ ಇದೆಲ್ಲ ಗೊತ್ತಿತ್ತು. ಬೇಡ ಎನ್ನಲಿಲ್ಲ.

ಅವಳು ಪರದೆಯ ಮುಂದೆ ಕೂತಳು. ಮೊದಲು ಎದುರು ಮನೆಯ ಚೌಕ ಕೆಂಪಾಯಿತು, ಐರಿನ್ ಬಾಯಿಯದ್ದು. ಅದಕ್ಕೂ ಬೂದು ಗೆರೆ ಬಿತ್ತು. ಆಮೇಲೆ ಎರಡನೇ ಮಹಡಿಯ ಇನ್ನೊಂದು. ಮತ್ತೊಂದು. ನಡುವೆ ಒಂದು ಹಸಿರಾಗಿಯೇ ಉಳಿಯಿತು. ಅದು ಬಾಡಿಗೆಗೆ ಇರುವವರ ಮನೆ, ಸಿಕ್ಕಿಬೀಳಲು ಹೆದರುವವರು. ಕೆಂಪು ಕೆಳಗಿನ ಮಹಡಿಗೆ ಇಳಿಯಿತು, ಅಲ್ಲಿ ನಾಲ್ಕು ಮನೆ ಕೆಂಪಾಯಿತು. ಮತ್ತೆ ಮೇಲಕ್ಕೆ ಬಂದು ಮೂರನೇ ಮಹಡಿ ಸೇರಿತು.

ಅತ್ತೆ ಎಲ್ಲಿದ್ದಾಳೆ ಎಂಬುದು ಹರಿಣಾಕ್ಷಿಗೆ ಪರದೆಯ ಮೇಲೆಯೇ ಕಾಣುತ್ತಿತ್ತು. ಬಾಗಿಲು ಬಡಿಯುವುದು, ಕೇಳಿಸಿಕೊಳ್ಳುವುದು, ಜಾಲರಿ ಬಿಚ್ಚುವುದು, ಆಮೇಲೆ ಕೆಂಪು. ಒಂದೊಂದು ಮನೆಗೂ ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಜಗಳವಾಗುತ್ತಿರಬೇಕು. ಅಥವಾ ಅತ್ತೆ ಮೆಟ್ಟಿಲ ಮೇಲೆ ಕೂರುತ್ತಿರಬೇಕು.

ಇಲ್ಯಾಸ್ ಅವಳ ಕುರ್ಚಿಯ ಹಿಂದೆ ಬಂದು ನಿಂತ. ಸ್ವರ ತಗ್ಗಿಸಿ ಕೇಳಿದ, "ಯಾರದು ಅಕ್ಕ, ನಡೀತಾ ಇರೋದು?"

"ನಮ್ಮ ಅತ್ತೆ."

ಅವನೂ ಕೆಂಪು ಚೌಕಗಳನ್ನು ಎಣಿಸತೊಡಗಿದ.

ನಾಲ್ಕನೇ ಮಹಡಿ ಪೂರ್ತಿ ಕೆಂಪಾಯಿತು. ಐದನೆಯದರಲ್ಲಿ ಎರಡು ಮನೆ. ಅಲ್ಲಿಗೆ ನಿಂತಿತು. ಪ್ರೋಗ್ರಾಂ ಇನ್ನೂ ಒಪ್ಪಿರಲಿಲ್ಲ. ಕೆಂಪಾದ ಮನೆಗಳ ಮೇಲೆಲ್ಲ ಬೂದು ಗೆರೆಗಳಿದ್ದವು. ಅರ್ಧಕ್ಕೆ ಕೆಲವೇ ಮನೆ ಬಾಕಿ. ಹರಿಣಾಕ್ಷಿ ಕಾದಳು. ಅತ್ತೆಯ ಫೋನಿಗೆ ಮಾಡಿದಳು. ರಿಂಗಾಗುತ್ತಲೇ ಇತ್ತು. ಐರಿನ್ ಬಾಯಿಗೆ ಮಾಡಿದಳು.

"ಬಾಯಿ, ಅತ್ತೆ ಐದನೇ ಮಹಡಿಯಲ್ಲಿದ್ದಾರೆ. ಯಾರನ್ನಾದ್ರೂ ಕಳ್ಸಿ."

"ಯಾರನ್ನು ಕಳ್ಸುದು? ಗಂಡಸರೆಲ್ಲ ಕಡಲಲ್ಲಿ." ಐರಿನ್ ಬಾಯಿ ಏದುಸಿರು ಬಿಡುತ್ತಿದ್ದಳು. "ನಿನ್ನ ಮಗು ಕಣ್ಣು ಮೇಲೆ ಮಾಡ್ತಾ ಉಂಟು ಹರಿಣಾಕ್ಷಿ. ನೀರು ಬಿಡ್ಸು. ಮೊದಲು ನೀರು ಬಿಡ್ಸು."

ಆಗ ಐದನೇ ಮಹಡಿಯಲ್ಲಿ ಒಂದು ಚೌಕ ಕೆಂಪಾಯಿತು. ಅದರ ಪಕ್ಕದ್ದೂ ಆಯಿತು. ಆಮೇಲೆ ಆರನೇ ಮಹಡಿಯಲ್ಲಿ ಮೂರು ಒಟ್ಟಿಗೇ. ಇದು ಅತ್ತೆಯ ನಡಿಗೆಯಲ್ಲ ಎಂದು ಅವಳಿಗೆ ಗೊತ್ತಾಯಿತು. ಅತ್ತೆಗೆ ಒಂದೊಂದೇ ಬಾಗಿಲು. ಇದು ಬೊಬ್ಬೆ ಕೇಳಿ ಬಾಗಿಲು ತೆರೆದವರದ್ದು, ಮೆಟ್ಟಿಲ ಮೇಲೆ ಬಿದ್ದವಳನ್ನು ನೋಡಿ ಹೆದರಿ ಒಳಗೋಡಿ ಗಂಟು ಕಿತ್ತವರದ್ದು.

ಬೂದು ಗೆರೆಗಳೆಲ್ಲ ಒಮ್ಮೆಲೇ ಮಾಯವಾಗಿ, ಉಳಿದ ಹಸಿರು ಚೌಕಗಳ ಮೇಲೆ ಬಿದ್ದವು. ಸಿ ಬ್ಲಾಕ್, ಸರಾಸರಿ ಎಂಬತ್ತೇಳು. ಪ್ರೋಗ್ರಾಂ ವಾಲ್ವು ತೆರೆಯಲು ಅನುಮತಿ ಕೇಳಿತು. ಅದರ ಕೆಳಗೆ ಇನ್ನೊಂದು ಸಾಲು: ಬದಲಿಗೆ ಡಿ ಬ್ಲಾಕ್ ಮುಚ್ಚಲಾಗುವುದು, ಸರಾಸರಿ ಐವತ್ತೈದು.

ವಾದಿರಾಜ ಓದಿದ. ಅನುಮತಿಯ ಗುಂಡಿಯ ಮೇಲೆ ಬೆರಳಿಟ್ಟು ತಡೆದ.

"ಒಂದು ಗಂಟೆಯಲ್ಲಿ ಐವತ್ತನಾಲ್ಕರಿಂದ ಎಂಬತ್ತೇಳು. ಅದೂ ಮಹಡಿ ಮಹಡಿಯಾಗಿ." ಅವನು ಹರಿಣಾಕ್ಷಿಯ ಮುಖ ನೋಡಲಿಲ್ಲ. "ಡಿ ಬ್ಲಾಕಿನ ಸಂಖ್ಯೆ ಸರಿ ಉಂಟಲ್ಲ?"

ಉತ್ತರ ಅವಳ ಬಾಯಲ್ಲಿತ್ತು. ಡಿ ಬ್ಲಾಕಿನ ಸಂಖ್ಯೆ ಸುಳ್ಳು, ಅದೂ ಅತ್ತೆ ಕಲಿಸಿದ ಗಂಟಿನದ್ದೇ ಸಂಖ್ಯೆ ಎಂದು ಹೇಳಬಹುದಿತ್ತು. ಹೇಳಿದರೆ ವಾಲ್ವು ತೆರೆಯುವುದಿಲ್ಲ. ಎಲ್ಲ ಬ್ಲಾಕುಗಳನ್ನು ಪರೀಕ್ಷಿಸಬೇಕು, ಯಾರಿಗೆ ಎಷ್ಟೆಂದು ಮತ್ತೆ ಲೆಕ್ಕ ಹಾಕಬೇಕು. ಅಷ್ಟು ಹೊತ್ತು ಮನ್ವಿ ಐರಿನ್ ಬಾಯಿಯ ಮಡಿಲಲ್ಲಿ ಕಣ್ಣು ಮೇಲೆ ಮಾಡಿಕೊಂಡಿರುತ್ತಾಳೆ.

"ನನಗೆ ಗೊತ್ತಿಲ್ಲ ಸರ್," ಎಂದಳು.

ಇಲ್ಯಾಸ್ ಅವಳನ್ನು ನೋಡಿದ. ಆಮೇಲೆ ಕಿಟಕಿಯ ಕಡೆ ತಿರುಗಿದ. ಅಲ್ಲಿಂದ ದೂರದಲ್ಲಿ ಕಡಲು ಕಾಣುತ್ತಿತ್ತು, ನೀರಿನ ಮೇಲೆ ಸಾಲು ಸಾಲು ಕಪ್ಪು ತಲೆಗಳು.

ವಾದಿರಾಜನೂ ಇನ್ನೊಮ್ಮೆ ಕೇಳಲಿಲ್ಲ. ಗುಂಡಿ ಒತ್ತಿದ.

ಡಿ ಬ್ಲಾಕಿನ ಜನರಿಗೆ ಸಂಜೆಯವರೆಗೆ ಅಪಾಯ ಗೊತ್ತಾಗಲಿಲ್ಲ. ಗೋಡೆಯ ನೀರು ನಿಂತಿತ್ತು, ಸೆಕೆ ಆಗುತ್ತಿತ್ತು, ಆದರೆ ಗೋಡೆಯ ಮೇಲಿನ ಸಂಖ್ಯೆ ಐವತ್ತೈದು ತೋರಿಸುತ್ತಿತ್ತು. ಗೋಡೆ ಹೇಳಿದ್ದನ್ನು ಅವರು ನಂಬಿದರು. ಗಂಟು ಕಟ್ಟಿದವರು ತಾವೇ ಎಂಬುದು ಅವರಿಗೆ ನೆನಪಾಗಲಿಲ್ಲ. ದಿನಾ ಮಾಡುವ ಕೆಲಸ ಹಾಗೆಯೇ, ನೆನಪಿನಲ್ಲಿರುವುದಿಲ್ಲ. ಮುದುಕರು ಮಲಗಿದಲ್ಲೇ ಹೋದರು. ಎರಡು ಕೂಸುಗಳು ಹೋದವು. ಐರಿನ್ ಬಾಯಿಯ ತಂಗಿಯೂ ಹೋದಳು, ಒಲೆಯ ಮುಂದೆ ಕುಸಿದು. ಪಾತ್ರೆಯಲ್ಲಿ ಗಂಜಿ ಬೆಂದಿತ್ತು. ಒಟ್ಟು ಒಂಬತ್ತು ಜನ.

ಕಾರಣ ಮೋಡ ಎಂದು ಮೇಲಿನವರು ಬರೆದುಕೊಂಡರು. ಅದು ಪೂರ್ತಿ ಸುಳ್ಳೂ ಅಲ್ಲ. ಸತ್ತವರ ಮನೆಗಳಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಿದರು. ಒಲೆಯ ಮೇಲಿನ ಜಾಲರಿ ಬಿಚ್ಚಿ ನೋಡಲು ಯಾರಿಗೂ ಮನಸ್ಸಿರಲಿಲ್ಲ. ನೋಡಿದರೆ ಎರಡೂ ಬ್ಲಾಕನ್ನು ಖಾಲಿ ಮಾಡಿಸಬೇಕಾಗುತ್ತಿತ್ತು. ವಾದಿರಾಜನಿಗೆ ಅದು ಗೊತ್ತಿತ್ತೆಂದು ಕಾಣುತ್ತದೆ.

ದೇಜಮ್ಮ ಐದನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿದಳು. ಅವಳ ಸೆರಗಿನ ತುಂಬ ಗಂಟುಗಳಿದ್ದವು. ಮತ್ತೆ ಕಟ್ಟಿಬಿಟ್ಟಾರೆಂದು ಒಂದೊಂದು ಮನೆಯಿಂದಲೂ ಇಸಿದುಕೊಂಡು ಬಂದಿದ್ದಳು. ಕೆಲವು ಬಿಚ್ಚಿ ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತ್ತು. ಹೆಣ ಇಳಿಸಿದವರ ಕಾಲಿಗೆ ಅದು ಅಂಟಿಕೊಂಡು ಕೆಳಗಿನವರೆಗೂ ಬಂತು.

ಮನ್ವಿ ಉಳಿದಳು.

ಚಂದ್ರಹಾಸನ ಬೋಟು ಬರುವ ಮೊದಲೇ ದೇಜಮ್ಮನನ್ನು ಸುಟ್ಟಾಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ತಂದುಕೊಡಬೇಕು. ಐರಿನ್ ಬಾಯಿ ತನ್ನ ತಂಗಿಯನ್ನು ಮಣ್ಣು ಮಾಡಿ ಬಂದವಳು, ಮರುದಿನ ಮುಚ್ಚಿದ ಪಾತ್ರೆ ಹಿಡಿದು ಹರಿಣಾಕ್ಷಿಯ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು.

"ಉಣ್ಣು. ಮಗುವಿಗೂ ಕೊಡು."

"ನಿಮ್ಮ ಮನೆಯಲ್ಲೂ ಸಾವಾಗಿದೆ ಬಾಯಿ. ನೀವು ಯಾಕೆ..."

"ನಿನ್ನ ಅತ್ತೆ ನಮ್ಮ ನೀರು ಬಿಡಿಸ್ಲಿಕ್ಕೆ ಹೋಗಿ ಸತ್ತಳು. ನಾನೊಂದು ಗಂಜಿ ಬೇಯಿಸ್ಲಿಕ್ಕಿಲ್ವಾ?" ಸ್ವಲ್ಪ ತಡೆದು ಕೇಳಿದಳು, "ಹರಿಣಾಕ್ಷಿ, ಡಿ ಬ್ಲಾಕಿನ ನೀರು ಯಾಕೆ ನಿಂತಿತು? ನಿನಗೆ ಗೊತ್ತಿರಬೇಕಲ್ಲ."

"ಪ್ರೋಗ್ರಾಂ ನಿಲ್ಲಿಸಿದ್ದು ಬಾಯಿ."

ಐರಿನ್ ಬಾಯಿ ತಲೆಯಾಡಿಸಿ ಹೋದಳು.

ಹರಿಣಾಕ್ಷಿ ಪಾತ್ರೆಯ ಮುಚ್ಚಳ ತೆಗೆದಳು. ಕೆಂಪು ಕುಚ್ಚಲಕ್ಕಿ. ಒಂದು ಅಗುಳನ್ನು ಬೆರಳಲ್ಲಿ ಹಿಚುಕಿದಳು. ಒಳಗೆ ಕಲ್ಲಿರಲಿಲ್ಲ. ಒಂದು ಗಂಟೆ ಸರಿಯಾಗಿ ಬೆಂದಿತ್ತು. ಒಲೆ ನಡುವೆ ಆರದೆ ಇಷ್ಟು ಮೆತ್ತಗಾಗುವುದು ಹೇಗೆಂದು ಅವಳಿಗೆ ಗೊತ್ತಿತ್ತು. ಅವಳು ಬಟ್ಟಲಿಗೆ ಬಡಿಸಿ, ಉಪ್ಪು ಹಾಕಿ, ಮಗಳನ್ನು ಕರೆದಳು. ಮನ್ವಿ ಎರಡು ಬಟ್ಟಲು ಉಂಡಳು.

ಅವಳು ಡ್ಯೂಟಿಗೆ ಮರಳಿದಾಗ ಮಳೆ ಶುರುವಾಗಿತ್ತು. ಸಿ ಬ್ಲಾಕ್ ಪೂರ್ತಿ ಹಸಿರು, ಐವತ್ತನಾಲ್ಕು. ಡಿ ಬ್ಲಾಕೂ ಹಸಿರು, ಮುದ್ರೆ ಹಾಕಿದ ಮನೆಗಳನ್ನು ಬಿಟ್ಟು. ಅಲ್ಲಿ ಬೆಳಿಗ್ಗೆ ಎದ್ದು ಅಕ್ಕಿ ಹುರಿಯುವವರು, ಗಂಟು ಬದಲಿಸುವವರು ಯಾರೂ ಇರಲಿಲ್ಲ. ಹಳೆಯ ಅಕ್ಕಿ ಹಿಡಿಯುವಷ್ಟು ತೇವ ಹಿಡಿದು ಮುಗಿಸಿತ್ತು. ಆ ಮನೆಗಳ ಸಂಖ್ಯೆ ಅರವತ್ತು ದಾಟಿ, ಎಪ್ಪತ್ತು ದಾಟಿ, ನಿಧಾನಕ್ಕೆ ಏರುತ್ತಿತ್ತು.

ಇಲ್ಯಾಸ್ ಪರದೆ ತೋರಿಸಿದ. ಅವನ ಕಾಲೊನಿಯಿಂದಲೂ ಆ ದಿನ ಇಬ್ಬರನ್ನು ಕಡಲು ಒಯ್ದಿತ್ತು. ಅದನ್ನು ಯಾವ ಪರದೆಯೂ ತೋರಿಸುವುದಿಲ್ಲ.

"ಪ್ರೋಗ್ರಾಂ ಕೇಳ್ತಾ ಉಂಟು ಅಕ್ಕ. ಈ ಮನೆಗಳ ಸೆನ್ಸರ್ ಕೆಟ್ಟಿದೆ, ಲೆಕ್ಕದಿಂದ ತೆಗೀಲಾ ಅಂತ. ಎಂತ ಹೇಳ್ಲಿ?"

ಹರಿಣಾಕ್ಷಿ ಕುರ್ಚಿ ಎಳೆದುಕೊಂಡು ಕೂತಳು.

"ತೆಗಿ," ಎಂದಳು.